ತಂತಿಯ ಮೇಲೆ ಬೆರಳು

ಬಾನುಲಿಯಲ್ಲಿ ವೀಣೆಯನ್ನೋ ಗಿಟಾರನ್ನೋ ಕೇಳುವ ನಮಗೆ ನಾದ ಮಾತ್ರ ದಕ್ಕುತ್ತದೆ. ಅದನ್ನು ಹುಟ್ಟಿಸುವ ಬೆರಳು ಕಣ್ಣಿಗೆ ಬೀಳುವುದಿಲ್ಲ. ಆದುದರಿಂದಲೇ ಇರಬೇಕು, ಆ ಬೆರಳಿನ ವಿಷಯದಲ್ಲಿ ಕೇಳುಗರಲ್ಲಿ ಎರಡು ಬಗೆಯ ಭ್ರಮೆಗಳು ಬೆಳೆದಿವೆ. ಅಂಥ ಕೈ ದೈವದತ್ತ, ನಮಗೆ ಬರತಕ್ಕದ್ದಲ್ಲ ಎಂಬುದು ಒಂದು. ಪೈಲ್ವಾನನು ತೋಳಿಗೆ ಸಾಮು ಮಾಡಿಸುವಂತೆ ಬೆರಳಿಗೂ ಮಾಡಿಸಿ ಗಟ್ಟಿಗೊಳಿಸಿದರೆ ಸಾಕು, ವಾದನ ತಾನೇ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದವರು ವಾದ್ಯವನ್ನು ಮುಟ್ಟುವುದೇ ಇಲ್ಲ. ಎರಡನೆಯದನ್ನು ನಂಬಿದವರು ಮುಟ್ಟಿ ಕೈ ಕೆಡಿಸಿಕೊಳ್ಳುತ್ತಾರೆ. ನಾನು ಎರಡನೆಯ ಗುಂಪಿಗೆ ಸೇರಿದವನು; ಆ ಕಾರಣದಿಂದ ಈ ವಿಷಯದಲ್ಲಿ ನಾಲ್ಕು ಮಾತು ಆಡಲು ನನಗೆ ಅಷ್ಟಿಷ್ಟು ಅಧಿಕಾರವುಂಟೆಂದು ವಾಚಕರು ಒಪ್ಪಿಯಾರು.

ನಾನು ಸಂಗೀತಗಾರನಲ್ಲ. ಕನ್ನಡ ಪಂಡಿತ ಶಿಕ್ಷಣ ಪಡೆದು ಹೈಸ್ಕೂಲಿನಲ್ಲಿ ಪಾಠ ಹೇಳುವವನು. ನಾಗಮಂಗಲದಲ್ಲಿ ಆರಂಭವಾದ ನನ್ನ ಕೆಲಸ ಕೃಷ್ಣರಾಜಪೇಟೆ, ಪಾಂಡವಪುರಗಳನ್ನು ಸುತ್ತಿಕೊಂಡು ಈಗ ಶ್ರೀರಂಗಪಟ್ಟಣಕ್ಕೆ ಬಂದು ನಿಂತಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಊರುಗಳ ಶಾಲೆಯಲ್ಲಿ ಒಂದು ಹಾರ್ಮೋನಿಯಂ ಇದ್ದರೆ ಹೆಚ್ಚು. ಈಗ ವಾರ್ಷಿಕೋತ್ಸವ ಬಂತೆಂದರೆ ಗಿಟಾರನ್ನು ಹೆಗಲಿಗೇರಿಸಿದ ಒಬ್ಬ ಹುಡುಗನೋ ಹುಡುಗಿಯೋ ಕಾಣಿಸಿಕೊಳ್ಳುವುದುಂಟು. ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ಗೀತೆಗಳನ್ನು ಅವರದೇ ತಾಲ್ಲೂಕಿನ ಮಕ್ಕಳು ಗಿಟಾರಿನ ಜೊತೆಯಲ್ಲಿ ಹಾಡಿದ್ದನ್ನು ಕೇಳಿ ಸಂತೋಷಪಟ್ಟಿದ್ದೇನೆ. ಇದು ಪರದೇಶಿ ವಾದ್ಯವೆಂದು ಮೂಗು ಮುರಿಯುವ ಹಿರಿಯರೂ ಇದ್ದಾರೆ. ಅವರು ಪಿಟೀಲನ್ನು ನೆನೆಯಬೇಕು. ಅದೂ ಹೊರಗಿನಿಂದ ಬಂದದ್ದೇ. ತಿರುಮಕೂಡಲು ನರಸೀಪುರದ ಚೌಡಯ್ಯನವರು (1895–1967) ಅದಕ್ಕೆ ಏಳು ತಂತಿ ಬಿಗಿದು ನುಡಿಸಿದ ಮೇಲೆ ಅದನ್ನು ಪರಕೀಯವೆನ್ನುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಹೋದ ವರ್ಷದ ಮಾತು. ಪಾಂಡವಪುರದ ಕಡೆಯಿಂದ ನಮ್ಮ ಶಾಲೆಗೆ ಬರುವ ಹತ್ತನೆಯ ತರಗತಿಯ ಹುಡುಗನೊಬ್ಬ ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲ ಬಳಿ ನಿಂತಿದ್ದ. ಕಬ್ಬು ಬೆಳೆಯುವವರ ಮನೆಯ ಹುಡುಗ. ರಜೆಯಲ್ಲಿ ಅಪ್ಪನ ಜೊತೆ ಮಚ್ಚು ಹಿಡಿದು ಕಬ್ಬು ಕಡಿದ ಕೈ. ಆ ಕೈಯೊಳಗೆ ನನ್ನ ಕೈ ಸಿಕ್ಕಿದರೆ ಮೂಳೆ ಉಳಿಯುವ ಭರವಸೆಯಿಲ್ಲ. ಎಡಗೈಯ ಮೂರು ಬೆರಳ ತುದಿಗೆ ಪಟ್ಟಿ ಅಂಟಿಸಿಕೊಂಡಿದ್ದ. ಬಲಗೈಯಲ್ಲಿ ಹಿಸುಕುವ ಸ್ಪ್ರಿಂಗೊಂದು. "ಸಾ, ಗಿಟಾರು ನುಡಿಸಾಕೆ ನನ್ ಬೆಳ್ಳಲ್ಲಿ ಬಲ ಸಾಲ್ದಂತೆ ಸಾ. ಅದ್ಕೇ ದಿನಾ ಇನ್ನೂರು ಸಲ ಇದ್ನ ಹಿಸುಕ್ತಾ ಇವ್ನಿ" ಎಂದ. ಕಬ್ಬು ಕಡಿಯುವವನ ಬೆರಳಿಗೆ ಬಲ ಸಾಲದೆ! ನನಗೆ ನಗು ಬಂತು. ಅನಂತರ ಅವನ ಎಡ ಮಣಿಕಟ್ಟನ್ನು ನೋಡಿದೆ. ಹೆಬ್ಬೆರಳಿನ ಬುಡದಿಂದ ಮೇಲಕ್ಕೆ ತುಸು ಊದಿಕೊಂಡಿತ್ತು. ನಗು ನಿಂತಿತು. ಆ ಊತ ನನಗೆ ಹಳೆಯ ಪರಿಚಯ.

ಪಂಡಿತ ಪರೀಕ್ಷೆಗೆ ಓದುತ್ತಾ ಮೈಸೂರಿನಲ್ಲಿದ್ದಾಗ ನಾನು ವೀಣೆ ಕಲಿಯಲು ತೊಡಗಿದ್ದೆ. ವೀಣೆ ಶೇಷಣ್ಣನವರ (1852–1926) ಊರಿನಲ್ಲಿದ್ದು ವೀಣೆ ಮುಟ್ಟದಿದ್ದರೆ ಹೇಗೆ ಎಂಬ ಹುಮ್ಮಸ್ಸು. ಒಂದು ವರ್ಷ ನೆಟ್ಟಗೆ ನಡೆಯಿತು. ಆಮೇಲೆ, ತಡವಾಗಿ ಕಲಿತವನೆಂಬ ಕೀಳರಿಮೆಯಿಂದ, ದಿನಕ್ಕೆ ಮುಕ್ಕಾಲು ಗಂಟೆಯಿದ್ದ ಸಾಧಕವನ್ನು ಒಮ್ಮೆಲೇ ನಾಲ್ಕು ಗಂಟೆಗೆ ಏರಿಸಿದೆ. ನೋವು ಬಂದಾಗ ಅದನ್ನು ತಪಸ್ಸಿನ ಲಕ್ಷಣವೆಂದುಕೊಂಡೆ. ಮೂರನೆಯ ವಾರದಲ್ಲಿ ಎಡ ಮಣಿಕಟ್ಟು ಊದಿತು. ಐದನೆಯ ವಾರದಲ್ಲಿ ಊಟದ ತಟ್ಟೆಯನ್ನು ಆ ಕೈಯಲ್ಲಿ ಹಿಡಿಯಲಾಗಲಿಲ್ಲ. ಗುರುಗಳಿಗೆ ಹೇಳಲು ನಾಚಿಕೆಯಾಗಿ ಪಾಠಕ್ಕೆ ಹೋಗುವುದನ್ನೇ ಬಿಟ್ಟೆ. ಅಂದು ಬಟ್ಟೆ ಸುತ್ತಿ ಅಟ್ಟಕ್ಕೇರಿಸಿದ ವೀಣೆ ನಾಲ್ಕು ಊರಿನ ನಾಲ್ಕು ಅಟ್ಟಗಳನ್ನು ಕಂಡಿದೆ. ತಪ್ಪು ನನ್ನದೇ. ಅದೇ ತಪ್ಪು ಇನ್ನೊಂದು ಕೈಗೆ ಹೊರಟು ನನ್ನ ಬಾಗಿಲಲ್ಲಿ ನಿಂತಿತ್ತು. ಆ ಹುಡುಗನಿಗೆ ಹೇಳಲೆಂದು ನಾನು ಓದಿದ್ದು, ವಾದ್ಯ ಬಲ್ಲವರಲ್ಲಿ ವಿಚಾರಿಸಿದ್ದು, ನೋಡಿ ತಿಳಿದದ್ದು ಇಲ್ಲಿದೆ.

ಮೊದಲು ಒಂದು ಸಣ್ಣ ಪರೀಕ್ಷೆ. ಬಲಗೈಯಿಂದ ನಿಮ್ಮ ಎಡ ಮುಂಗೈಯನ್ನು, ಮೊಣಕೈಗೆ ನಾಲ್ಕು ಬೆರಳು ಕೆಳಗೆ, ಸುತ್ತ ಹಿಡಿಯಿರಿ. ಈಗ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚಿರಿ. ಚಲನೆ ಎಲ್ಲಿ ತಿಳಿಯುತ್ತದೆ? ಹಿಡಿದ ಜಾಗದಲ್ಲಿ. ಬೆರಳನ್ನು ಮಡಿಸುವ ಮಾಂಸಖಂಡ ಬೆರಳಿನೊಳಗೆ ಇಲ್ಲವೇ ಇಲ್ಲ. ಬಲವಾದ ಹಿಡಿತಕ್ಕೆ ಬೇಕಾದವು ಮುಂಗೈಯಲ್ಲಿವೆ. ಬೆರಳುಗಳನ್ನು ಅಗಲಿಸುವ, ಕೂಡಿಸುವ, ಸೂಕ್ಷ್ಮವಾಗಿ ತಿದ್ದುವ ಚಿಕ್ಕವು ಅಂಗೈಯಲ್ಲಿವೆ. ಬೆರಳಿಗೆ ಬರುವುದು ಮಾಂಸವಲ್ಲ, ಹುರಿ. ಸೂತ್ರದ ಬೊಂಬೆಯ ಕೈಗೆ ಕಟ್ಟಿದ ದಾರದ ಹಾಗೆ ಆ ಹುರಿಗಳು ಮಣಿಕಟ್ಟಿನ ಕಿರಿದಾದ ಓಣಿಯಲ್ಲಿ ತೂರಿ ಬೆರಳ ಮೂಳೆಗಳಿಗೆ ಅಂಟಿಕೊಂಡಿವೆ. ಹೀಗಿರುವಾಗ ಬೆರಳಿಗೆ ಬಲ ಬರಿಸುತ್ತೇನೆಂದು ಸ್ಪ್ರಿಂಗು ಹಿಸುಕುವವನು ಮುಂಗೈಯನ್ನು ದಪ್ಪ ಮಾಡಿಕೊಳ್ಳುತ್ತಾನೆ, ಅಷ್ಟೆ. ಅದೂ ಎಲ್ಲ ಬೆರಳೂ ಒಟ್ಟಿಗೆ ಮುಚ್ಚುವ ಬಲ. ತಂತಿವಾದ್ಯ ಕೇಳುವುದೋ ಅದರ ವಿರುದ್ಧವಾದುದನ್ನು: ಒಂದು ಬೆರಳು ಊರಿರುವಾಗ ಇನ್ನೊಂದು ಏಳಬೇಕು, ಮೂರನೆಯದು ಸುಮ್ಮನಿರಬೇಕು.

ಸುಮ್ಮನಿರುವುದು ಎಷ್ಟು ಕಷ್ಟವೆಂಬುದಕ್ಕೆ ಎರಡನೆಯ ಪರೀಕ್ಷೆ. ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿಡಿ. ನಡುಬೆರಳನ್ನು ಮಾತ್ರ ಒಳಕ್ಕೆ ಮಡಿಸಿ ಅದರ ಗೆಣ್ಣನ್ನು ಮೇಜಿಗೆ ಊರಿ. ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿ. ಹೆಬ್ಬೆರಳು ಏಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳೂ ಏಳುತ್ತದೆ. ಉಂಗುರಬೆರಳು ಮಾತ್ರ ಅಂಟು ಹಾಕಿದಂತೆ ಬಿದ್ದಿರುತ್ತದೆ. ಅದು ದುರ್ಬಲವಾದದ್ದಲ್ಲ, ಬೆರಳನ್ನು ಎತ್ತುವ ಹುರಿಗಳು ಅಂಗೈಯ ಬೆನ್ನಿನ ಮೇಲೆ ಅಡ್ಡಪಟ್ಟಿಗಳಿಂದ ಒಂದಕ್ಕೊಂದು ಜೋಡಿಸಿಕೊಂಡಿವೆ. ನಡುಬೆರಳನ್ನು ಕಟ್ಟಿಹಾಕಿದರೆ ಉಂಗುರಬೆರಳೂ ಕಟ್ಟಿಬಿದ್ದಂತೆಯೇ. ಸಂಸ್ಕೃತದಲ್ಲಿ ಈ ಬೆರಳಿಗೆ ಅನಾಮಿಕೆ, ಹೆಸರಿಲ್ಲದ್ದು, ಎಂದು ಹೆಸರು. ಕವಿಗಳನ್ನು ಎಣಿಸಹೊರಟವರು ಕಿರುಬೆರಳಿಗೆ ಕಾಳಿದಾಸನನ್ನಿಟ್ಟು, ಅವನಿಗೆ ಸಮನಾದ ಎರಡನೆಯವನು ಸಿಗದೆ ನಿಂತುಬಿಟ್ಟರಂತೆ. ಹಾಗಾಗಿ ಪಕ್ಕದ ಬೆರಳಿಗೆ ಆ ಹೆಸರು ಸಾರ್ಥಕವಾಯಿತೆಂದು ಪಂಡಿತರ ಚಮತ್ಕಾರ. ಗಿಟಾರು ಕಲಿಯುವವನಿಗೆ ಮೊದಲು ತಕರಾರು ಮಾಡುವುದು ಇದೇ ಹೆಸರಿಲ್ಲದ ಬೆರಳು. ಅದನ್ನು ಬೈದು ಪ್ರಯೋಜನವಿಲ್ಲ. ಅಡ್ಡಪಟ್ಟಿಯನ್ನು ಯಾವ ವ್ಯಾಯಾಮವೂ ಬಿಡಿಸದು. ಎಷ್ಟು ಎತ್ತರ ಏಳಬಲ್ಲುದೋ ಅಷ್ಟರೊಳಗೇ ಕೆಲಸ ಮಾಡಿಸುವುದನ್ನು ಕಲಿಯಬೇಕು. ತಂತಿಯಿಂದ ಅರ್ಧ ಅಂಗುಲ ಎದ್ದರೆ ಸಾಕಾದ ಕಡೆ ಎರಡು ಅಂಗುಲ ಎತ್ತುವ ಚಪಲವನ್ನು ಬಿಡಬೇಕು.

ಇನ್ನು ಒತ್ತುವ ಬಲ. ಗಿಟಾರಿನ ಮೇಲೆ ಹೀಗೊಂದು ಪ್ರಯೋಗ ಮಾಡಿ. ಯಾವುದಾದರೊಂದು ತಂತಿಯ ಮೇಲೆ ಬೆರಳನ್ನು ಸುಮ್ಮನೆ ಮುಟ್ಟಿಸಿ ಬಲಗೈಯಿಂದ ಮೀಟಿ. ಸತ್ತ ಸದ್ದು ಬರುತ್ತದೆ. ಪ್ರತಿಯೊಂದು ಮೀಟಿಗೂ ಬೆರಳಿನ ಭಾರವನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತ ಹೋಗಿ. ಮೊದಲು ಕರಕರ ಎನ್ನುತ್ತದೆ, ಆಮೇಲೆ ಒಂದು ಕ್ಷಣದಲ್ಲಿ ನಾದ ತಿಳಿಯಾಗುತ್ತದೆ. ಅಲ್ಲಿ ನಿಲ್ಲಿ. ಬೇಕಾದ ಬಲ ಅಷ್ಟೇ. ಹೊಸಬರು ಅದರ ಮೂರರಷ್ಟೋ ನಾಲ್ಕರಷ್ಟೋ ಒತ್ತುತ್ತಿರುತ್ತಾರೆ. ಹೆಚ್ಚಿನದೆಲ್ಲ ಹೆಬ್ಬೆರಳಿನ ಬುಡದಲ್ಲಿ ನೋವಾಗಿ ಕೂರುತ್ತದೆ. ಈಗ ಬೆರಳಿರುವ ಜಾಗವನ್ನೂ ಬದಲಾಯಿಸಿ ನೋಡಿ. ಎರಡು ಮೆಟ್ಟಿಲುಗಳ ನಡುಮಧ್ಯೆ ಒತ್ತಿದರೆ ಹೆಚ್ಚು ಬಲ ಬೇಕು. ಕುದುರೆಯ ಕಡೆಯ ಮೆಟ್ಟಿಲಿಗೆ ಒರಗಿದಂತೆ, ಆದರೆ ಅದರ ಮೇಲೇರದೆ, ಹಿಂದೆಯೇ ಒತ್ತಿದರೆ ಅರ್ಧ ಶ್ರಮಕ್ಕೆ ತಿಳಿಯಾದ ನಾದ. ಬೆರಳಿನ ಕೊನೆಯ ಗೆಣ್ಣು ಬಾಗಿ ನಿಂತು ತುದಿ ತಂತಿಯ ಮೇಲೆ ಇಳಿಯಬೇಕು. ಗೆಣ್ಣು ಒಳಕ್ಕೆ ಕುಸಿದರೆ ಪಕ್ಕದ ತಂತಿ ಮೂಕವಾಗುತ್ತದೆ. ಹೆಬ್ಬೆರಳು ವಾದ್ಯದ ಕತ್ತಿನ ಹಿಂದೆ ಆನಿಸಿರಬೇಕೇ ಹೊರತು ಇಕ್ಕಳದಂತೆ ಕಚ್ಚಿರಬಾರದು.

ನಮ್ಮ ಕಬ್ಬಿನ ಹುಡುಗನಿಗೆ ಇದ್ದದ್ದು ಬಲದ ಬಡತನವಲ್ಲ, ಬಲದ ದುಂದು. ಅದೇ ತರಗತಿಯ ಒಬ್ಬ ಹುಡುಗಿ ಅವನ ಗಿಟಾರನ್ನು ಇಸಿದುಕೊಂಡು ಎರಡು ವಾರದಲ್ಲಿ ತಿಳಿಯಾಗಿ ಸ್ವರ ಹೊರಡಿಸಿದಳು. ಅವಳ ತಾಯಿ ರಂಗನಾಥಸ್ವಾಮಿಯ ದೇವಸ್ಥಾನದ ಹತ್ತಿರ ಹೂ ಮಾರುವವರು. ಮಗಳು ಐದಾರು ವರ್ಷದಿಂದ ಹೂ ಕಟ್ಟುತ್ತಾಳೆ. ಅದನ್ನು ನೀವು ಎಂದಾದರೂ ಗಮನಿಸಿ ನೋಡಿದ್ದೀರಾ? ಎಡಗೈಯ ಬೆರಳ ಸಂದಿಯಲ್ಲಿ ಎರಡೆರಡು ಮೊಗ್ಗು ಕೂರಿಸಿ, ಬಲಗೈಯಿಂದ ದಾರ ಸುತ್ತಿ, ಗಂಟು ಎಳೆದು, ಮುಂದಿನ ಜೋಡಿಗೆ ಹೋಗುವುದಕ್ಕೆ ಒಂದೆರಡು ಕ್ಷಣ. ಹೆಚ್ಚು ಬಿಗಿದರೆ ತೊಟ್ಟು ಕತ್ತರಿಸುತ್ತದೆ; ಸಡಿಲ ಬಿಟ್ಟರೆ ಹೂ ಉದುರುತ್ತದೆ. ಕಣ್ಣು ಗಿರಾಕಿಯ ಮೇಲೆ, ಮಾತು ಪಕ್ಕದವಳ ಜೊತೆ, ಬೆರಳು ತನ್ನ ಪಾಡಿಗೆ ತಾನು. ಇಷ್ಟೇ ಬಲ ಸಾಕು, ಇದಕ್ಕಿಂತ ಬೇಡ ಎಂಬ ಲೆಕ್ಕ ಆ ಬೆರಳುಗಳಿಗೆ ಮೊದಲೇ ಗೊತ್ತಿತ್ತು. ನಾಗಮಂಗಲದಲ್ಲಿ ಲೋಹದ ಕೆಲಸದವರು ಚಾಣ ಹಿಡಿಯುವುದನ್ನು ಕಂಡಾಗಲೂ ನನಗೆ ಹೀಗೆಯೇ ಅನ್ನಿಸಿತ್ತು: ಕೆಲಸ ಬಲ್ಲವನ ಹಿಡಿತ ಹೊಸಬನ ಹಿಡಿತಕ್ಕಿಂತ ಸಡಿಲ.

ತಪ್ಪು ಬೆರಳಿನದಲ್ಲದೆ ವಾದ್ಯದ್ದಾಗಿರುವುದೂ ಉಂಟು. ಇದನ್ನು ತಂದೆತಾಯಿಗಳು ತಿಳಿದಿರಬೇಕು. ಅಗ್ಗದ ಗಿಟಾರುಗಳಲ್ಲಿ ತಂತಿ ಮೆಟ್ಟಿಲಿನಿಂದ ಬಹಳ ಎತ್ತರದಲ್ಲಿರುತ್ತದೆ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಅಳೆದು ನೋಡಿ. ಉಕ್ಕಿನ ತಂತಿಯಾದರೆ 2ರಿಂದ 3 ಮಿಲಿಮೀಟರು, ನೈಲಾನಿನದಾದರೆ 3ರಿಂದ 4 ಮಿಲಿಮೀಟರು ಇದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ ರಿಪೇರಿ ಬಲ್ಲವರಿಂದ ಇಳಿಸಬೇಕು; ಎಳೆಯ ಬೆರಳಿಗೆ ಸಾಮು ಮಾಡಿಸುವುದು ಪರಿಹಾರವಲ್ಲ. ಉಕ್ಕಿನ ತೆಳು ತಂತಿಗಳು ಆರೂ ಸೇರಿ ಸುಮಾರು 70 ಕಿಲೋಗ್ರಾಂ ಬಿಗಿತದಲ್ಲಿರುತ್ತವೆ, ನೈಲಾನಿನವು ಸುಮಾರು 40. ಚಿಕ್ಕ ಮಕ್ಕಳಿಗೆ ನೈಲಾನೇ ಲೇಸು. ನಮ್ಮ ಹುಡುಗನ ಗಿಟಾರಿನಲ್ಲಿ ಅಳೆದಾಗ ಐದು ಮಿಲಿಮೀಟರಿತ್ತು.

ಬೆರಳು ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಗೂ ನಮ್ಮ ವೀಣೆ ಉತ್ತರ ಹೇಳುತ್ತದೆ. ವೈಣಿಕನ ಎಡಗೈಯಲ್ಲಿ ಮುಖ್ಯವಾಗಿ ದುಡಿಯುವುದು ತೋರುಬೆರಳು, ನಡುಬೆರಳು, ಎರಡೇ. ಒಮ್ಮೆ ಕೂಡಿ, ಒಮ್ಮೆ ಬಿಡಿಸಿಕೊಂಡು, ಇಪ್ಪತ್ತನಾಲ್ಕು ಮೆಟ್ಟಿಲುಗಳ ಮೇಲೆ ಆ ಎರಡೇ ಓಡಾಡುತ್ತವೆ. ಗಮಕಕ್ಕಾಗಿ ತಂತಿಯನ್ನು ಪಕ್ಕಕ್ಕೆ ಎಳೆಯುವಾಗ ಮಾತ್ರ ನಿಜವಾದ ಬಲ ಬೇಕು, ಅದೂ ತೋಳಿನಿಂದ ಬರತಕ್ಕ ಬಲ. ಬಲಗೈಯಲ್ಲಿ ಕಿರುಬೆರಳಿಗೆ ಕೂಡ ತಾಳದ ತಂತಿಗಳನ್ನು ಮೀಟುವ ಕೆಲಸವುಂಟು. ಬೆಂಗಳೂರು ಆಕಾಶವಾಣಿಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ವಿ. ದೊರೆಸ್ವಾಮಿ ಅಯ್ಯಂಗಾರ್ಯರನ್ನು (1920–1997) ಕೇಳಿದವರು ಆ ಎರಡು ಬೆರಳಿನಿಂದ ಏನೇನು ಸಾಧ್ಯವೆಂಬುದನ್ನು ಮರೆಯಲಾರರು. ಗಿಟಾರಿನಲ್ಲಿ ನಾಲ್ಕು ಬೆರಳನ್ನೂ ದುಡಿಸುವುದು ಪದ್ಧತಿ. ಆದರೆ ಫ್ರಾನ್ಸಿನಲ್ಲಿ ಜ್ಯಾಂಗೋ ರೈನ್ಹಾರ್ಟ್ (1910–1953) ಎಂಬ ವಾದಕನಿದ್ದ. 1928ರಲ್ಲಿ ಅವನು ವಾಸವಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರಬೆರಳು, ಕಿರುಬೆರಳು ಸುಟ್ಟು ಮುರುಟಿದವು. ಉಳಿದ ಎರಡೇ ಬೆರಳಿನಿಂದ ಒಂಟಿ ಸ್ವರಗಳ ಓಟವನ್ನೆಲ್ಲ ಹೊಸದಾಗಿ ಕಲಿತು, ಮುರುಟಿದವನ್ನು ಸ್ವರಗೊಂಚಲುಗಳಿಗೆ ಮಾತ್ರ ಬಳಸಿ, ಆರು ವರ್ಷದೊಳಗೆ ಪ್ಯಾರಿಸಿನಲ್ಲಿ ತನ್ನದೇ ಮೇಳದ ಮುಂದಾಳಾದ. ಇದನ್ನು ಹೇಳಿದಾಗ ನಮ್ಮ ಹುಡುಗ ತನ್ನ ನಾಲ್ಕು ಬೆರಳನ್ನೂ ಒಮ್ಮೆ ನೋಡಿಕೊಂಡ.

ಸಾಧಕದ ಕ್ರಮಕ್ಕೆ ಬರೋಣ. ಗಿಟಾರಿನ ಬೋಧಕರು ಮೊದಲು ಕೊಡುವ ಪಾಠ ಇದು: ತೋರುಬೆರಳಿನಿಂದ ಕಿರುಬೆರಳಿನವರೆಗೆ 1, 2, 3, 4 ಎಂದು ಸಂಖ್ಯೆ, ಪಕ್ಕಪಕ್ಕದ ನಾಲ್ಕು ಮೆಟ್ಟಿಲಿಗೆ ನಾಲ್ಕು ಬೆರಳು, ಒಂದೊಂದನ್ನೇ ಊರಿ ಮೀಟುತ್ತ ಒಂದು ತಂತಿಯಿಂದ ಮುಂದಿನ ತಂತಿಗೆ. ಮೆಟ್ಟಿಲುಗಳು ಕಿರಿದಾಗಿರುವ 5ರಿಂದ 8ರವರೆಗಿನ ಜಾಗದಲ್ಲಿ ಆರಂಭಿಸಬೇಕು. 1ರಿಂದ 4ರ ಜಾಗ ಅಗಲ, ಹೊಸಬರ ಕೈಯನ್ನು ಎಳೆಯುತ್ತದೆ. ಊರಿದ ಬೆರಳನ್ನು ಮುಂದಿನದು ಊರುವ ತನಕ ಎತ್ತಕೂಡದು. ಇದನ್ನು ಕೇಳಿದಾಗ ನನಗೆ ಹಳೆಯ ನೆಂಟನನ್ನು ಕಂಡಂತಾಯಿತು. ಇದು ನಮ್ಮ ಸರಳೆ ವರಸೆಯೇ. 1, 3, 2, 4 ಎಂದು ಬೆರಳನ್ನು ಬದಲಿಸಿದರೆ ಸ, ಗ, ರಿ, ಮ ಎಂಬ ದಾಟು ವರಸೆಯ ನಡೆ. ಒಂದೊಂದನ್ನು ಎರಡೆರಡು ಸಲ, ಎರಡನೆಯದಕ್ಕೆ ಒತ್ತು ಕೊಟ್ಟು ನುಡಿಸಿದರೆ ಜಂಟಿ ವರಸೆ. ಪುರಂದರದಾಸರು (1484–1564) ಕ್ರಮಪಡಿಸಿದರೆಂದು ಪರಂಪರೆ ನಂಬಿರುವ ಆ ಬಾಲಪಾಠಗಳನ್ನು ನಾವು ಕೊರಳಿನ ಪಾಠವೆಂದು ತಿಳಿದಿದ್ದೇವೆ. ಅವು ಬೆರಳಿನ ಪಾಠವೂ ಹೌದು.

ನಾಲ್ಕು ಬೆರಳನ್ನು ಎಷ್ಟು ಬಗೆಯಾಗಿ ಸಾಲುಗೊಳಿಸಬಹುದು? ಛಂದಸ್ಸು ಓದಿದವರು ಪ್ರಸ್ತಾರವೆಂಬ ಮಾತನ್ನು ಬಲ್ಲರು. ಗುರು ಲಘುಗಳ ಎಲ್ಲ ಸಾಧ್ಯ ವಿನ್ಯಾಸಗಳನ್ನು ಒಂದೂ ಬಿಡದೆ ಹರಡಿ ತೋರಿಸುವ ವಿಧಾನ. ಸಂಗೀತದಲ್ಲಿಯೂ ಅದುಂಟು. 13ನೆಯ ಶತಮಾನದ ಶಾರ್ಙ್ಗದೇವನು ಸ್ವರಗಳನ್ನು ಹೀಗೆಯೇ ಹರಡಿ ಏಳು ಸ್ವರಕ್ಕೆ 5040 ಕ್ರಮಗಳನ್ನು ಎಣಿಸಿದ್ದಾನೆ. ನಾಲ್ಕಕ್ಕೆ ಆಗುವುದು 24. ಹುಡುಗನ ನೋಟುಪುಸ್ತಕದಲ್ಲಿ ಇಪ್ಪತ್ತನಾಲ್ಕನ್ನೂ ಬರೆದುಕೊಟ್ಟೆ: 1 2 3 4, 1 2 4 3, 1 3 2 4, ಹೀಗೆ. ದಿನಕ್ಕೆ ಎರಡು ಸಾಲು, ಅದಕ್ಕಿಂತ ಬೇಡವೆಂದೆ. 3, 4 ಒಂದರ ಪಕ್ಕದಲ್ಲಿ ಒಂದು ಬರುವ ಸಾಲುಗಳೇ ಕಷ್ಟವಾದವು. ಕಾರಣವನ್ನು ಆ ಅಡ್ಡಪಟ್ಟಿಯಲ್ಲಿ ಆಗಲೇ ಕಂಡಿದ್ದೇವೆ. ಹನ್ನೆರಡು ದಿನದಲ್ಲಿ ಒಂದು ಸುತ್ತು ಮುಗಿಯಿತು.

ವರಸೆಗಳನ್ನೇ ಗಿಟಾರಿನ ಮೇಲೆ ನುಡಿಸಬಯಸುವವರಿಗೆ ಒಂದು ದಾರಿ ಹೇಳಿಬಿಡುತ್ತೇನೆ. ವೀಣೆಯಲ್ಲಿಯೂ ಗಿಟಾರಿನಲ್ಲಿಯೂ ಒಂದು ಸ್ಥಾಯಿಗೆ ಹನ್ನೆರಡೇ ಮೆಟ್ಟಿಲು. ಆದುದರಿಂದ ಯಾವುದಾದರೂ ಒಂದು ತಂತಿಯನ್ನು ಬಿಟ್ಟು ಮೀಟಿದ ನಾದವನ್ನು ಷಡ್ಜವೆಂದುಕೊಂಡರೆ, ಮಾಯಾಮಾಳವಗೌಳದ ಉಳಿದ ಸ್ವರಗಳು 1, 4, 5, 7, 8, 11, 12ನೆಯ ಮೆಟ್ಟಿಲುಗಳಲ್ಲಿ ಸಿಗುತ್ತವೆ. ರಿಷಭಕ್ಕೆ ತೋರುಬೆರಳು, ಗಾಂಧಾರಕ್ಕೆ ಕಿರುಬೆರಳು. ಅಲ್ಲಿಂದ ಕೈಯನ್ನು ಸರಿಸಿ ಮಧ್ಯಮಕ್ಕೆ ತೋರುಬೆರಳು, ಪಂಚಮಕ್ಕೆ ಉಂಗುರಬೆರಳು, ಧೈವತಕ್ಕೆ ಕಿರುಬೆರಳು. ಮತ್ತೆ ಸರಿಸಿ ನಿಷಾದಕ್ಕೆ ತೋರುಬೆರಳು, ಮೇಲಿನ ಷಡ್ಜಕ್ಕೆ ನಡುಬೆರಳು. ರಿಷಭದಿಂದ ಗಾಂಧಾರಕ್ಕೆ ಬೆರಳು ಚಾಚುವುದು ಮೊದಮೊದಲು ತ್ರಾಸ. ಎಟುಕದಿದ್ದರೆ ಹಿಗ್ಗಿಸಬೇಡಿ, ಕೈಯನ್ನೇ ಸರಿಸಿಬಿಡಿ.

ಕಾಲದ ವಿಷಯ. ಗಡಿಯಾರದ ಸೆಕೆಂಡು ಮುಳ್ಳಿನ ಒಂದು ತಟ್ಟಿಗೆ ಒಂದು ಸ್ವರ. ಅದು ಒಂದನೆಯ ಕಾಲ. ಅಲ್ಲಿ ಹತ್ತು ಸಲ ತಪ್ಪಿಲ್ಲದೆ ಬಂದ ಮೇಲೆ ಎರಡನೆಯ ಕಾಲ, ಅದೂ ಹಾಗೆಯೇ ಬಂದ ಮೇಲೆ ಮೂರನೆಯದು. ವೇಗವನ್ನು ನೇರವಾಗಿ ಅಭ್ಯಾಸ ಮಾಡುವುದು ತಪ್ಪನ್ನು ಅಭ್ಯಾಸ ಮಾಡಿದಂತೆ. ಪಾಣಿನೀಯ ವ್ಯಾಕರಣದಲ್ಲಿ ಅಭ್ಯಾಸವೆಂಬುದೊಂದು ಪಾರಿಭಾಷಿಕ ಶಬ್ದ: ಧಾತುವು ದ್ವಿತ್ವಗೊಂಡಾಗ ಅದರ ಮೊದಲ ಭಾಗಕ್ಕೆ ಆ ಹೆಸರು. ಎರಡನೆಯ ಸಲ ಹೇಳುವುದಕ್ಕೆ ಮೊದಲನೆಯದು ಆಧಾರ. ಮೊದಲನೆಯದೇ ವಕ್ರವಾದರೆ ನೂರು ಸಲವೂ ಅದೇ ವಕ್ರ.

ಹೀಗೆ ಕಲಿಯುವುದು ನಿಜವಾಗಿ ಯಾರು? ಮಿದುಳು. 1995ರಲ್ಲಿ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ತಂತಿವಾದ್ಯಗಾರರ ಮಿದುಳನ್ನು ಪರೀಕ್ಷಿಸಿ, ಎಡಗೈ ಬೆರಳುಗಳ ಸ್ಪರ್ಶಕ್ಕೆ ಮೀಸಲಾದ ಜಾಗ ಅವರಲ್ಲಿ ಇತರರಿಗಿಂತ ಹಿಗ್ಗಿರುವುದನ್ನು ಕಂಡರು. ಚಿಕ್ಕ ವಯಸ್ಸಿನಲ್ಲಿ ಕಲಿತವರಲ್ಲಿ ಹೆಚ್ಚು. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತಿತರರು ನಡೆಸಿದ ಇನ್ನೊಂದು ಪರೀಕ್ಷೆ ನನಗೆ ಹೆಚ್ಚು ಹಿಡಿಸಿತು. ಬೆರಳಿನಿಂದ ಒಂದು ಕ್ರಮವನ್ನು ತಟ್ಟಲು ಕಲಿತವರು ಒಂದು ರಾತ್ರಿ ನಿದ್ರೆ ಮಾಡಿ ಎದ್ದು ತಟ್ಟಿದಾಗ, ನಡುವೆ ಯಾವ ಅಭ್ಯಾಸವೂ ಇಲ್ಲದೆ, ಸುಮಾರು ಶೇಕಡ 20ರಷ್ಟು ಚುರುಕಾಗಿದ್ದರು. ಹಗಲೆಲ್ಲ ಎಚ್ಚರವಾಗಿದ್ದವರಿಗೆ ಆ ಲಾಭ ಸಿಗಲಿಲ್ಲ. ಮಲಗುವುದೂ ಸಾಧಕದ ಅಂಗವೆಂದ ಹಾಗಾಯಿತು; ವಿದ್ಯಾರ್ಥಿಗಳಿಗೆ ಇದಕ್ಕಿಂತ ಪ್ರಿಯವಾದ ಶಾಸ್ತ್ರ ಇನ್ನಾವುದು! 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಸ್ಥಾಪಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರ ಕೇಂದ್ರದ ಆಕಾಶವಾಣಿ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ಬೆರಳಿನ ವಿಷಯ ಮನಸ್ಸಿನ ವಿಷಯವೆಂದಿದ್ದರೆ ಅವರು ತಲೆದೂಗುತ್ತಿದ್ದರೆಂದು ತೋರುತ್ತದೆ.

ಆದುದರಿಂದ ದಿನಕ್ಕೊಮ್ಮೆ ಎರಡು ಗಂಟೆಗಿಂತ, ಹತ್ತು ಹದಿನೈದು ನಿಮಿಷದಂತೆ ದಿನಕ್ಕೆ ಮೂರು ಸಲ ಮೇಲು. ಧನುರ್ಮಾಸದ ಚಳಿಯಲ್ಲಿ ಬೆಳಗ್ಗೆ ಕೂರುವವರು ಮೊದಲು ಕೈಯನ್ನು ಬಿಸಿನೀರಿನಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಅರೆಗಳಿಗೆ ಕಳೆದು ವಾದ್ಯ ಮುಟ್ಟಬೇಕು. ನೆನೆದ ಚರ್ಮ ತಂತಿಗೆ ಬೇಗ ಹರಿಯುತ್ತದೆ. ಬೆರಳ ತುದಿಯ ನೋವು ಮೊದಲ ಮೂರು ನಾಲ್ಕು ವಾರ ಎಲ್ಲರಿಗೂ ಇರತಕ್ಕದ್ದೇ; ಚರ್ಮ ಜಡ್ಡುಗಟ್ಟಿದ ಮೇಲೆ ಹೋಗುತ್ತದೆ. ಜಡ್ಡನ್ನು ಕೀಳಬಾರದು, ಪಟ್ಟಿ ಅಂಟಿಸಿ ಮೆತ್ತಗೆ ಮಾಡಲೂ ಬಾರದು. ವೈಣಿಕರು ಬೆರಳು ಜಾರಲೆಂದು ಪಕ್ಕದಲ್ಲಿ ಎಣ್ಣೆಯ ಬಟ್ಟೆ ಇಟ್ಟುಕೊಳ್ಳುವುದನ್ನು ಕಂಡು ಗಿಟಾರಿಗೂ ಹಾಗೆ ಮಾಡಿದವರುಂಟು. ಬೇಡ, ಅದರ ಸುತ್ತುತಂತಿಗಳ ಸಂದಿಯಲ್ಲಿ ಎಣ್ಣೆಯೂ ಕೊಳೆಯೂ ಸೇರಿ ನಾದ ಮಂಕಾಗುತ್ತದೆ.

ತುದಿಯ ನೋವು ಬೇರೆ, ಒಳಗಿನ ನೋವು ಬೇರೆ. ಮಣಿಕಟ್ಟಿನಲ್ಲಿ ಒಂದು ಕಿರಿದಾದ ಓಣಿಯಿದೆಯೆಂದೆನಲ್ಲ, ಅದರೊಳಗೆ ಒಂಬತ್ತು ಹುರಿಗಳೂ ಒಂದು ಮುಖ್ಯ ನರವೂ ಒತ್ತಾಗಿ ಸಾಗುತ್ತವೆ. ಮಣಿಕಟ್ಟನ್ನು ಚೂಪಾಗಿ ಬಗ್ಗಿಸಿ ಹೊತ್ತುಗಟ್ಟಲೆ ನುಡಿಸಿದರೆ ಹುರಿಯ ಒರೆ ಊದುತ್ತದೆ, ನರ ಹಿಸುಕಿಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು. ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು. ನುಡಿಸುವುದನ್ನು ನಿಲ್ಲಿಸಿ ಮರುದಿನವಾದರೂ ಇಳಿಯದ ನೋವು. ಇವುಗಳಲ್ಲಿ ಯಾವುದಿದ್ದರೂ ವಾದ್ಯವನ್ನು ಕೆಳಗಿಟ್ಟು ವೈದ್ಯರ ಬಳಿಗೆ ಹೋಗಬೇಕು. ಬಲಪಡಿಸುವ ಹಟದಿಂದ ಕೈ ಕಳೆದುಕೊಂಡವರಲ್ಲಿ ದೊಡ್ಡವರೂ ಇದ್ದಾರೆ. ಜರ್ಮನಿಯ ರಾಬರ್ಟ್ ಶೂಮನ್ (1810–1856) ಬೆರಳಿಗೆ ಯಂತ್ರವೊಂದನ್ನು ಕಟ್ಟಿ ಸಾಮು ಮಾಡಿಸಿದನೆಂದು ಹೇಳುತ್ತಾರೆ. ಕಾರಣ ಅದೇ ಇರಲಿ, ಬೇರೆ ಇರಲಿ, ಬಲಗೈಯ ಬೆರಳು ಕೆಟ್ಟು ಪಿಯಾನೋ ವಾದಕನಾಗುವ ಆಸೆಯನ್ನು ಇಪ್ಪತ್ತರ ಹರೆಯದಲ್ಲೇ ಬಿಡಬೇಕಾಯಿತು. ಅನಂತರ ಅವನು ವಾಗ್ಗೇಯಕಾರನಾಗಿ ಹೆಸರಾದುದು ಬೇರೆ ಮಾತು. ಅಮೆರಿಕದ ಲಿಯೋನ್ ಫ್ಲೈಶರ್ (1928–2020) ಅವರಿಗೆ 1960ರ ದಶಕದಲ್ಲಿ ಬಲಗೈಯ ಎರಡು ಬೆರಳು ತಾವಾಗಿಯೇ ಮಡಿಸಿಕೊಳ್ಳತೊಡಗಿ, ಎರಡು ಕೈಯಿಂದ ಮತ್ತೆ ನುಡಿಸುವುದಕ್ಕೆ ಮೂವತ್ತು ವರ್ಷ ಹಿಡಿಯಿತು. ಅವರಿಗಾದದ್ದು ಹುರಿಯ ನೋವಲ್ಲ, ಮಿದುಳು ಬೆರಳಿಗೆ ಕೊಡುವ ಆಜ್ಞೆಯೇ ಕಲಸಿಹೋಗುವ ತೊಂದರೆ. ಅತಿಯಾಗಿ ಒಂದೇ ಚಲನೆಯನ್ನು ತಿದ್ದಿದ ಕಲಾವಿದರಲ್ಲಿ ಅದು ಕಾಣಿಸಿಕೊಳ್ಳುವುದುಂಟು.

ಹುಡುಗನಿಂದ ಸ್ಪ್ರಿಂಗನ್ನು ಇಸಿದುಕೊಂಡು ನನ್ನ ಮೇಜಿನ ಖಾನೆಯಲ್ಲಿಟ್ಟೆ. ವೈದ್ಯರು ಮೂರು ವಾರ ಕೈಗೆ ವಿಶ್ರಾಂತಿ ಹೇಳಿದರು. ಆ ಮೂರು ವಾರ ಅವನು ಇಪ್ಪತ್ತನಾಲ್ಕು ಸಾಲುಗಳನ್ನು ಬಾಯಲ್ಲಿ ಹೇಳಿಕೊಂಡು ತೊಡೆಯ ಮೇಲೆ ಬರಿಯ ಬೆರಳನ್ನು ಮುಟ್ಟಿಸಿ ಕಲಿತ. ಅಷ್ಟರಲ್ಲಿ ಮೈಸೂರಿನಲ್ಲಿ ತಂತಿಯ ಎತ್ತರವನ್ನು ಇಳಿಸಿಕೊಟ್ಟರು. ಮೊನ್ನೆ ಶಾಲೆಯ ಸಮಾರಂಭದಲ್ಲಿ ಹೂವಿನವರ ಹುಡುಗಿ ಹಾಡಿದಳು, ಅವನು ಜೊತೆ ನುಡಿಸಿದ. ಅವನ ಉಂಗುರಬೆರಳು ಈಗಲೂ ಬೇಕಾದುದಕ್ಕಿಂತ ಹೆಚ್ಚು ಮೇಲೇಳುತ್ತದೆ. ನನ್ನ ವೀಣೆಯನ್ನು ಅಟ್ಟದಿಂದ ಇಳಿಸಿ ನೋಡಿದೆ. ಮೇಣ ಒಣಗಿ ಬಿರಿದು ಆರು ಮೆಟ್ಟಿಲು ಅಲುಗುತ್ತಿವೆ. ಮೇಣ ಹೊಸದಾಗಿ ಹಾಕಿಸಬೇಕು. ಬೇಸಗೆ ರಜೆಗೆ ಮುಂಚೆ ಆಗಲಾರದು.